ನಾನು ಹೊಡೆಯದ ಸೀಲು

ನನ್ನ ಗಂಡನನ್ನು ಒಮಾನ್ ದೇಶಕ್ಕೆ ಕರೆತಂದವರು ಅಣ್ಣ. ಒಡಹುಟ್ಟಿದ ಅಣ್ಣನಲ್ಲ, ಉಡುಪಿ ಕಡೆಯ ನಮ್ಮ ಊರಿನಲ್ಲಿ ಗಂಡನ ಮನೆಯಿಂದ ನಾಲ್ಕು ಮನೆ ಆಚೆಯವರು. ಇಲ್ಲಿ ಎಸಿ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಮ್ಯಾನೇಜರ್. ಹದಿನಾರು ವರ್ಷಗಳ ಹಿಂದೆ ಕಂಪನಿಯ ಕಫೀಲನ, ಅಂದರೆ ವೀಸಾಕ್ಕೆ ಹೊಣೆಯಾಗುವ ಒಮಾನಿ ಧಣಿಯ ಹತ್ತಿರ ಮಾತಾಡಿ, ವೀಸಾ ಮಾಡಿಸಿ, ಗಂಡನಿಗೆ ಅಲ್ಲಿಯ ಸ್ಟೋರಿನಲ್ಲಿ ಕೆಲಸ ಕೊಡಿಸಿದರು. ಆ ಉಪಕಾರವನ್ನು ಅವರು ಒಂದು ದಿನವೂ ಮರೆತವರಲ್ಲ, ನಮಗೂ ಮರೆಯಲು ಬಿಟ್ಟವರಲ್ಲ.

ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಹೋಗದಿದ್ದರೆ ಶನಿವಾರ ಬೆಳಿಗ್ಗೆ ಫೋನ್ ಬರುತ್ತಿತ್ತು. ಊಟಕ್ಕೆ ಹೊಸಬರು ಯಾರಾದರೂ ಬಂದಿದ್ದರೆ ಅಣ್ಣ ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿ, "ಇವನನ್ನು ಕರ್ಕೊಂಡು ಬಂದದ್ದು ನಾನೇ. ಬರುವಾಗ ಇವನ ಕಾಲಿಗೆ ಸರಿಯಾದ ಚಪ್ಪಲಿ ಸಹ ಇರ್ಲಿಲ್ಲ ಮಾರಾಯ್ರೆ" ಎನ್ನುವರು. ನನ್ನ ಗಂಡ ನಗುತ್ತಿದ್ದರು. ಅಣ್ಣನ ಮಾತಿಗಿಂತ ಆ ನಗುವೇ ನನ್ನ ಮೈ ಉರಿಸುತ್ತಿತ್ತು. ಹದಿನಾರು ವರ್ಷ ನಾನು ಆ ಮನೆಯಲ್ಲಿ ಉಂಡಿದ್ದೇನೆ, ಒಂದು ತುತ್ತೂ ರುಚಿಯಿಂದ ಇಳಿದದ್ದಿಲ್ಲ.

ನಾನು ಮಸ್ಕತ್ತಿನ ಸೀಬ್ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಆಫ್ರಿಕಾಕ್ಕೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಹಾಕುವ ಕೋಣೆ ನನ್ನದು. ಯಾವ ದೇಶ, ಎಷ್ಟು ದಿನ, ಏನು ಕೆಲಸ ಎಂದು ಕೇಳಿ, ಫಾರ್ಮ್ ನೋಡಿ, ತೋಳಿಗೆ ಚುಚ್ಚಿ, ಹಳದಿ ಬಣ್ಣದ ಕಾರ್ಡಿಗೆ ಸೀಲು ಹೊಡೆದು ಕೊಡುವುದು. ಹನ್ನೊಂದು ವರ್ಷಗಳಿಂದ ಅದೇ. ನನ್ನಿಂದ ಚುಚ್ಚಿಸಿಕೊಂಡು ಎಷ್ಟೋ ಜನ ಹೋದರು. ಕೆಲವರು ತಿರುಗಿ ಬಂದು ಫೋನಿನಲ್ಲಿ ಚಿತ್ರ ತೋರಿಸಿದರು. ಒಬ್ಬ ಇಂಜಿನಿಯರ್ ತೋರಿಸಿದ ಚಿತ್ರದಲ್ಲಿ ಜೌಗು ನೆಲದಲ್ಲಿ ಹೊಟ್ಟೆಯವರೆಗೆ ನಿಂತ ಆನೆಗಳು, ಅವುಗಳ ಹಿಂದೆ ಹಿಮದ ಟೋಪಿ ಹಾಕಿದ ಪರ್ವತ. ಕೀನ್ಯಾದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನ ಎಂದ. ಅವನು ಹೋದ ಮೇಲೆ ಆ ಹೆಸರನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟೆ.

ಮಗಳ ಹತ್ತನೇ ತರಗತಿ ಮುಗಿಯುವ ವರ್ಷ ಹೋಗೋಣವೆಂದು ನಿಶ್ಚಯಿಸಿದೆ. ನಮ್ಮ ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೂರುವ ಒಮಾನಿ ಹೆಂಗಸಿನ ತಾಯಿ ಹುಟ್ಟಿ ಬೆಳೆದದ್ದು ಮೊಂಬಾಸಾದಲ್ಲಿ. ಅವರ ಮನೆಯಲ್ಲಿ ಈಗಲೂ ಅರಬ್ಬಿಗಿಂತ ಸ್ವಾಹಿಲಿಯೇ ಹೆಚ್ಚು. ಅವಳ ನೆಂಟನೊಬ್ಬ ನೈರೋಬಿಯಲ್ಲಿ ಸಫಾರಿ ಜೀಪು ಓಡಿಸುತ್ತಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅವನಿಗೆ ಫೋನ್ ಮಾಡುವಳು, ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರುವೆ. ಜುಲೈ ಒಣಗಾಲ, ಪ್ರಾಣಿಗಳು ನೀರಿನ ಹತ್ತಿರವೇ ಇರುತ್ತವೆ. ಪರ್ವತ ಕಾಣುವುದು ಬೆಳಗಿನ ಹೊತ್ತು ಮಾತ್ರ, ಆಮೇಲೆ ಮೋಡ ಮುಚ್ಚುತ್ತದೆ. ಕಡುನೀಲಿ, ಕಪ್ಪು ಬಟ್ಟೆ ಬೇಡ, ಆ ಬಣ್ಣಕ್ಕೆ ಒಂದು ಜಾತಿಯ ನೊಣ ಬಂದು ಕಚ್ಚುತ್ತದೆ. ಪ್ಲಾಸ್ಟಿಕ್ ಚೀಲವನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ಐದು ದಿನ, ಮೂವರು, ಒಂದು ಜೀಪು, ಅಂಬೋಸೆಲಿ ಒಂದೇ. ಎಲ್ಲವನ್ನೂ ಬರೆದುಕೊಂಡೆ. ಆ ಎರಡು ತಿಂಗಳು ನಾನು ಸಂತೋಷವಾಗಿದ್ದೆ ಎಂದು ಈಗ ಅನಿಸುತ್ತದೆ.

ಗಂಡ ಅದನ್ನು ಅಣ್ಣನಿಗೆ ಹೇಳಿದರು.

ಹೇಳಿದ್ದು ಶುಕ್ರವಾರದ ಊಟದ ಹೊತ್ತಿಗೆ, ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಾ. ಅಣ್ಣ ಕೈ ತೊಳೆಯುವ ಮೊದಲೇ ತೀರ್ಮಾನ ಮಾಡಿಯಾಗಿತ್ತು.

"ನಾವೂ ಬರ್ತೇವೆ. ಜೀಪಲ್ಲಿ ಏಳು ಸೀಟುಂಟಲ್ಲ? ಆದ್ರೆ ಅಂಬೋಸೆಲಿ ಎಂತಕ್ಕೆ? ಆನೆ ನೋಡ್ಲಿಕ್ಕೆ ಆಫ್ರಿಕಾಕ್ಕೆ ಹೋಗ್ಬೇಕಾ? ದೇವಸ್ಥಾನದ ಬಾಗಿಲಲ್ಲಿ ಕಟ್ಟಿರ್ತಾರೆ. ಸಿಂಹ ನೋಡ್ಬೇಕು, ಹೊಳೆ ದಾಟುವ ಪ್ರಾಣಿಗಳ ಹಿಂಡು ನೋಡ್ಬೇಕು. ಎಲ್ಲರೂ ಸ್ಟೇಟಸ್ ಹಾಕುದು ಅದನ್ನೇ."

"ಅಣ್ಣ, ನಾನು ಆಗ್ಲೇ ಮಾತಾಡಿ ಆಗಿದೆ" ಎಂದೆ.

"ಮಾತಾಡಿದ್ದನ್ನು ಬದಲಾಯಿಸ್ಲಿಕ್ಕೆ ಆಗುದಿಲ್ವಾ? ನೀನು ಆ ನಂಬರ್ ಕೊಡು, ನಾನು ಮಾತಾಡ್ತೇನೆ. ನಿಂಗೆ ಇದೆಲ್ಲ ಗೊತ್ತಾಗುದಿಲ್ಲ."

ಗಂಡನ ಮುಖ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು. ಮಗಳು ನನ್ನ ಕಿವಿಯ ಹತ್ತಿರ, "ಅಮ್ಮಾ, ದಿಸ್ ಈಸ್ ಅವರ್ ಟ್ರಿಪ್" ಎಂದಳು. ಅಣ್ಣನ ಹೆಂಡತಿಗೆ ಅದು ಕೇಳಿತು. ಅಕ್ಕ ಎಂದು ನಾವು ಕರೆಯುತ್ತಿದ್ದ ಆಕೆ ಮಾತು ಕಡಿಮೆಯವರು. ಮಗಳ ತೋಳಿಲ್ಲದ ಅಂಗಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಅಡಿಗೆಮನೆಗೆ ಹೋದರು. ನನಗೆ ಅವರೂ ಆಗುತ್ತಿರಲಿಲ್ಲ.

ಮರುದಿನವೇ ಅಣ್ಣ ವಾಟ್ಸಾಪ್ ಗುಂಪು ಮಾಡಿದರು. ಐದೇ ಜನರ ಗುಂಪಿಗೆ ಅವರು ಹಾಕುತ್ತಿದ್ದ ಸಂದೇಶಗಳು ಆಫೀಸಿನ ಸರ್ಕ್ಯುಲರ್ ಹಾಗೆ ಇರುತ್ತಿದ್ದವು. ಅಂಬೋಸೆಲಿ ಒಂದು ದಿನಕ್ಕೆ ಇಳಿಯಿತು. ಸಿಂಹದ ಬಯಲಿಗೆ ನಾಲ್ಕು ದಿನ. ಪಾಸ್‌ಪೋರ್ಟು, ಕಾಗದಪತ್ರ ಎಲ್ಲವನ್ನೂ ತಮ್ಮ ಕಂಪನಿಯಲ್ಲಿ ವೀಸಾ ಕೆಲಸ ನೋಡಿಕೊಳ್ಳುವ ಪಿಆರ್‌ಓ ಕೈಯಲ್ಲಿ ಕೊಡಬೇಕೆಂದು ಅಪ್ಪಣೆ ಬಂತು. ಆಮೇಲೆ ಜೀಪಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಕಾಗದದ ಮೇಲೆ ಚಿತ್ರ ಬರೆದು ಅದರ ಫೋಟೋ ಹಾಕಿದರು. ಮುಂದೆ ಡ್ರೈವರನ ಪಕ್ಕ ಅವರು. ಅವರ ಹಿಂದೆ ಕ್ಯಾಮೆರಾ ಹಿಡಿಯಲು ನನ್ನ ಗಂಡ. ಹೆಂಗಸರು ಕೊನೆಯ ಸಾಲಿನಲ್ಲಿ.

"ತಿಂಡಿ ಬ್ಯಾಗೆಲ್ಲ ಹಿಂದೆಯೇ ಇರ್ತದೆ, ನಿಮಗೇ ಸುಲಭ" ಎಂದು ಕೆಳಗೆ ಬರೆದಿದ್ದರು.

ಅದನ್ನು ಓದಿದ್ದು ಮವಾಲೇಹ್‌ನ ತರಕಾರಿ ಮಾರುಕಟ್ಟೆಯಲ್ಲಿ, ಬೆಂಡೆಕಾಯಿಯ ಪೆಟ್ಟಿಗೆ ಮುಂದೆ. ಕೈಯಲ್ಲಿದ್ದ ಬೆಂಡೆಕಾಯಿಗಳ ತುದಿಯನ್ನು ಪಟಪಟ ಮುರಿಯುತ್ತಾ ನಿಂತೆ. ಅಂಗಡಿಯವನು, "ಬಸ್, ಮೇಡಮ್, ಬಸ್" ಎಂದು ತಡೆದ. ಮುರಿದದ್ದನ್ನೆಲ್ಲ ಕೊಂಡುಕೊಂಡು ಬಂದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. "ನಾನು ತಿಂಡಿ ಬ್ಯಾಗ್ ಕಾಯ್ಲಿಕ್ಕೆ ಕೀನ್ಯಾಕ್ಕೆ ಹೋಗುದಾ?"

"ಜೀಪಿಗೆ ಎಲ್ಲ ಕಡೆ ಕಿಟಕಿ ಉಂಟು. ಎಲ್ಲಿ ಕೂತ್ರೂ ಕಾಣ್ತದೆ" ಎಂದರು.

"ಅವರು ಹಿಂದೆ ಕೂತ್ಕೊಳ್ಳಲಿ ಹಾಗಾದ್ರೆ."

"ಸಣ್ಣ ವಿಷಯಕ್ಕೆ ಯಾಕೆ ಇಷ್ಟು ದ್ವೇಷ ನಿಂಗೆ?"

ಸಣ್ಣ ವಿಷಯ. ಅಂದಿನಿಂದ ನಾನು ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಮನಸ್ಸಿನಲ್ಲಿ ಮಾತ್ರ ಅಣ್ಣನ ಜೊತೆ ದಿನವಿಡೀ ಜಗಳ. ಸಿರಿಂಜಿಗೆ ಮದ್ದು ಎಳೆಯುವಾಗಲೂ, ಮೀನು ತೊಳೆಯುವಾಗಲೂ. ಅವರ ವಿಮಾನ ತಪ್ಪಲಿ, ಕಾಲು ಉಳುಕಲಿ ಎಂದೆಲ್ಲ ಬಯಸಿದ್ದುಂಟು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಯಸಿದ್ದು ನಿಜ.

ಲಸಿಕೆಗೆ ಅಣ್ಣ ಒಬ್ಬರೇ ಬಂದರು, ಒಂದು ಬುಧವಾರ ಹತ್ತೂವರೆಗೆ. ವಾಪಸು ಮಸ್ಕತ್ತಿನಲ್ಲಿ ಇಳಿಯುವಾಗ ಹಳದಿ ಕಾರ್ಡು ತೋರಿಸಬೇಕಾದ್ದರಿಂದ ಯಾರೂ ಅದನ್ನು ತಪ್ಪಿಸುವಂತಿರಲಿಲ್ಲ. ಗಂಡನಿಗೂ ಮಗಳಿಗೂ ನಾನು ಮೊದಲೇ ಹಾಕಿದ್ದೆ. ಅಣ್ಣ ಕುರ್ಚಿಯಲ್ಲಿ ಕುಳಿತು, ಅಂಗಿಯ ತೋಳು ಮಡಚಿ, ಫಾರ್ಮನ್ನು ನನ್ನ ಮೇಜಿನ ಮೇಲೆ ತಳ್ಳಿದರು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಎಂಬ ಸಾಲಿನಲ್ಲಿ ಎರಡು ಹೆಸರು ಬರೆದಿದ್ದರು. ಎರಡೂ ಸಂಧಿವಾತದ ಮಾತ್ರೆಗಳು, ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವಂಥವು. ಹಳದಿ ಜ್ವರದ ಲಸಿಕೆಯಲ್ಲಿರುವುದು ಜೀವಂತ ವೈರಸ್ಸು. ಆ ಮಾತ್ರೆ ನುಂಗುವವರಿಗೆ ಅದನ್ನು ಹಾಕುವಂತಿಲ್ಲ. ಹಾಕಿದರೆ ಪ್ರಾಣಕ್ಕೇ ಬರಬಹುದು.

ಆ ಸಾಲು ಓದಿದಾಗ ನನಗೆ ಸಂತೋಷವಾಯಿತು. ಅವರಿಗೆ ಕಾಯಿಲೆ ಎಂದಲ್ಲ. ಅವರಿಗೆ ಇಲ್ಲ ಎನ್ನುವ ಅವಕಾಶ ಹದಿನಾರು ವರ್ಷಗಳಲ್ಲಿ ಮೊದಲ ಸಲ ನನ್ನ ಕೈಗೆ ಬಂತಲ್ಲ ಎಂದು.

"ಎಂತ ನೋಡ್ತಾ ಕೂತಿದ್ದಿ? ಬೇಗ ಚುಚ್ಚು. ನಂಗೆ ಮೀಟಿಂಗ್ ಉಂಟು."

"ಅಣ್ಣ, ಇದು ನಿಮಗೆ ಕೊಡ್ಲಿಕ್ಕೆ ಆಗುದಿಲ್ಲ."

"ಅಂದ್ರೆ?"

"ಈ ಮಾತ್ರೆ ತೆಗೊಳ್ಳುವವರಿಗೆ ಈ ಇಂಜೆಕ್ಷನ್ ಕೊಡ್ಲಿಕ್ಕಿಲ್ಲ. ಡಾಕ್ಟರ ಹತ್ರ ಹೋಗಿ, ಅವರು ಹೇಳ್ತಾರೆ."

ಬೇರೆಯವರಿಗೆ ಇದೇ ಮಾತನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ನೀರು ಕೊಟ್ಟು, ಪಕ್ಕದಲ್ಲಿ ಕೂತು, ಬೇಸರ ಮಾಡ್ಬೇಡಿ ಎಂದು ಸಮಾಧಾನ ಮಾಡಿದ್ದೇನೆ. ಅಣ್ಣನಿಗೆ ಕೆನ್ನೆಗೆ ಹೊಡೆದ ಹಾಗೆ ಹೇಳಿದೆ.

ಡಾಕ್ಟರೂ ಅದನ್ನೇ ಹೇಳಿದರು. ಬೇಕಾದರೆ ಲಸಿಕೆಯಿಂದ ವಿನಾಯಿತಿ ಕೋರುವ ಪತ್ರ ಬರೆದುಕೊಡುತ್ತೇನೆ, ವಿಮಾನ ನಿಲ್ದಾಣದಲ್ಲಿ ಒಪ್ಪುವುದು ಬಿಡುವುದು ಅಲ್ಲಿಯ ಅಧಿಕಾರಿಗಳಿಗೆ ಸೇರಿದ್ದು ಎಂದರು. ಅಣ್ಣ ಬೇಡವೆಂದರು. ಪತ್ರದಲ್ಲಿ ಕಾರಣ ಬರೆಯಬೇಕು. ಆ ಪತ್ರ ಕಂಪನಿಯ ಪಿಆರ್‌ಓ ಕೈ ಸೇರಬೇಕು. ಅರವತ್ತು ದಾಟಿದ ಮ್ಯಾನೇಜರನಿಗೆ ಕಾಯಿಲೆಯಿದೆ ಎಂದು ಕಂಪನಿಗೆ ಗೊತ್ತಾಗುವುದು ಅವರಿಗೆ ಬೇಕಿರಲಿಲ್ಲ. ಅಷ್ಟು ವರ್ಷ ಅದನ್ನು ಯಾರಿಗೂ ತಿಳಿಯದ ಹಾಗೆ ಕಾಪಾಡಿಕೊಂಡು ಬಂದಿದ್ದರು.

ಡಾಕ್ಟರ ಕೋಣೆಯಿಂದ ನೇರ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ಚುಚ್ಚುದು ಬೇಡ. ಕಾರ್ಡಿಗೆ ಒಂದು ಸೀಲ್ ಹೊಡಿ, ಸಾಕು."

"ಆಗುದಿಲ್ಲ ಅಣ್ಣ."

"ಯಾರಿಗೆ ಗೊತ್ತಾಗ್ತದೆ? ಸೀಲ್ ನಿನ್ನ ಮೇಜಿನ ಮೇಲೆಯೇ ಉಂಟಲ್ಲ."

"ಆಗುದಿಲ್ಲ ಅಂದ್ರೆ ಆಗುದಿಲ್ಲ."

ಅವರು ದನಿ ತಗ್ಗಿಸಿ, "ನಿನ್ನ ಗಂಡನ ಕಾಂಟ್ರಾಕ್ಟ್ ಆಗಸ್ಟಿನಲ್ಲಿ ರಿನ್ಯೂ ಆಗ್ಲಿಕ್ಕುಂಟು, ಅಲ್ವಾ?" ಎಂದರು.

ನಾನು ಸೀಲನ್ನು ನನ್ನ ಕಡೆಗೆ ಎಳೆದುಕೊಂಡೆ.

"ಇನ್ನೊಂದು. ಈ ಮಾತ್ರೆಯ ವಿಷಯ ನೀನು ಯಾರ ಹತ್ರ ಆದ್ರೂ, ನಿನ್ನ ಗಂಡನ ಹತ್ರ ಸಹ, ಬಾಯಿಬಿಟ್ರೆ ನಿನ್ನ ಲೈಸೆನ್ಸ್ ಮೇಲೆ ಕಂಪ್ಲೇಂಟ್ ಕೊಡ್ತೇನೆ. ರೋಗಿಯ ಗುಟ್ಟು ಹೊರಗೆ ಹಾಕ್ಲಿಕ್ಕಿಲ್ಲ ಅಂತ ನಂಗೂ ಗೊತ್ತುಂಟು."

ಅವರು ಹೋದ ಮೇಲೆ ಸೀಲನ್ನು ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದೆ. ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು ಮುಂದಿನವರನ್ನು ಕರೆದೆ.

ಸಂಜೆ ಗಂಡ ಬಂದವರು ಬೂಟು ಬಿಚ್ಚುವ ಮೊದಲೇ ಶುರು ಮಾಡಿದರು. "ಅಣ್ಣನಿಗೆ ಸ್ವಲ್ಪ ಬಿ.ಪಿ. ಜಾಸ್ತಿ ಇತ್ತಂತೆ. ಅಷ್ಟಕ್ಕೇ ಇಂಜೆಕ್ಷನ್ ಇಲ್ಲ ಅಂತ ವಾಪಸ್ ಕಳಿಸಿದ್ದಿಯಂತೆ?"

"ಡಾಕ್ಟರು ಬೇಡ ಹೇಳಿದ್ದು."

"ಕಾರಣ ಎಂತ?"

"ಹೇಳ್ಲಿಕ್ಕೆ ಆಗುದಿಲ್ಲ."

"ನಂಗೂ?"

"ನಿಮಗೂ."

"ಒಂದು ಸೀಲ್ ಹೊಡೆದ್ರೆ ನಿನ್ನ ಗಂಟೆಂತ ಹೋಗ್ತಿತ್ತು? ನಾವು ಇವತ್ತು ಇಲ್ಲಿ ನಿಂತದ್ದು ಯಾರಿಂದ?" ಅವರು ಸೋಫಾದಲ್ಲಿ ಕುಳಿತು ಗೋಡೆ ನೋಡುತ್ತಾ ಹೇಳಿದರು, "ನಿಂಗೆ ಅವರನ್ನು ಕಂಡ್ರೆ ಆಗುದಿಲ್ಲ. ಮದುವೆಯಾಗಿ ಬಂದ ದಿನದಿಂದ ಆಗುದಿಲ್ಲ. ಈಗ ಸೇಡು ತೀರಿಸಿದ್ದಿ."

ಆ ಮಾತಿನ ಮೊದಲರ್ಧ ಸತ್ಯವೇ ಆಗಿತ್ತು. ಎರಡನೆಯದು ಸುಳ್ಳು ಎನ್ನಲು ನನ್ನ ಹತ್ತಿರ ಇದ್ದ ಸಾಕ್ಷಿ ಒಂದೇ, ಆ ಫಾರ್ಮು. ಅದನ್ನು ತೋರಿಸುವಂತಿಲ್ಲ. ಬಿ.ಪಿ. ಎಂದು ಸುಳ್ಳು ಹೇಳಿದ ಮನುಷ್ಯನನ್ನು ನಂಬಿ ನನ್ನ ಗಂಡ ನನ್ನೆದುರು ಕೂತಿದ್ದರು. ನಾನು ಅಕ್ಕಿ ತೊಳೆಯಲು ಹೋದೆ. ಹತ್ತು ಸಲ ತೊಳೆದಿರಬೇಕು.

ಮರುವಾರ ಗುಂಪಿನಲ್ಲಿ ಅಣ್ಣನ ಸಂದೇಶ ಬಂತು: ಕೆಲಸದ ಒತ್ತಡದಿಂದ ಸಫಾರಿ ಕಾರ್ಯಕ್ರಮ ರದ್ದಾಗಿದೆ. ಯಾರನ್ನೂ ಕೇಳಲಿಲ್ಲ. ನಾನು ತಿಂಗಳ ನಂತರ ಮೊದಲ ಸಲ ಬರೆದೆ: ನಾವು ಹೋಗುತ್ತೇವೆ. ಅರ್ಧ ಗಂಟೆಯಲ್ಲಿ ಗಂಡ ಫೋನ್ ಮಾಡಿದರು. ಅವರು ತಮ್ಮ ರಜೆಯನ್ನು ಆಗಲೇ ವಾಪಸು ಕೊಟ್ಟಿದ್ದರು.

"ಅಣ್ಣನನ್ನು ಬಿಟ್ಟು ನಾನು ಹೇಗೆ ಬರುದು?" ಎಂದರು. ಹೆಂಡತಿ, ಮಗಳನ್ನು ಬಿಟ್ಟು ಹೇಗೆ ಇರುವುದು ಎಂದು ಅವರಿಗೆ ಹೊಳೆಯಲಿಲ್ಲ.

ರಿಸೆಪ್ಶನ್ನಿನ ಗೆಳತಿಗೆ ಗಂಡ ಬರುವುದಿಲ್ಲವೆಂದಷ್ಟೇ ಹೇಳಿದೆ. ಅವಳು ಕಾರಣ ಕೇಳಲಿಲ್ಲ. "ಖಲಾಸ್, ಬಿಡು. ನೀನೂ ಮಗಳೂ ಹೋಗಿ" ಎಂದು ಹಿಂದಿಯಲ್ಲಿ ಹೇಳಿ, ಅಲ್ಲೇ ನೈರೋಬಿಗೆ ಫೋನ್ ಹಚ್ಚಿದಳು. ಪಿಆರ್‌ಓ ಹತ್ತಿರವಿದ್ದ ನಮ್ಮ ಪಾಸ್‌ಪೋರ್ಟುಗಳನ್ನು ನಾನೇ ಹೋಗಿ ತಂದೆ. ಕಾರ್ಯಕ್ರಮ ಮೊದಲಿನ ಹಾಗೆ ಐದು ದಿನ ಅಂಬೋಸೆಲಿ ಎಂದಾಯಿತು.

ಹೊರಡಲು ಹದಿನೈದು ದಿನ ಇರುವಾಗ ಅಕ್ಕ ಕ್ಲಿನಿಕ್ಕಿಗೆ ಬಂದರು. ಟ್ಯಾಕ್ಸಿ ಮಾಡಿಕೊಂಡು, ಒಬ್ಬರೇ. ಅವರು ಒಬ್ಬರೇ ಎಲ್ಲಿಗಾದರೂ ಹೋದದ್ದನ್ನು ನಾನು ನೋಡಿರಲಿಲ್ಲ. ತುಂಬಿಸಿದ ಫಾರ್ಮನ್ನು ಮೇಜಿನ ಮೇಲಿಟ್ಟು ಸೀರೆಯ ಸೆರಗು ಸರಿಸಿ ತೋಳು ಮುಂದೆ ಮಾಡಿದರು.

"ನಂಗೆ ಯಾವ ಮಾತ್ರೆಯೂ ಇಲ್ಲ. ಚುಚ್ಚು."

"ಅಕ್ಕ, ಅಣ್ಣನಿಗೆ ಗೊತ್ತುಂಟಾ?"

"ಗೊತ್ತಾಗ್ತದೆ. ಪಾಸ್‌ಪೋರ್ಟ್ ವಾಪಸ್ ಬಂದು ಕಪಾಟಿನಲ್ಲುಂಟು. ಕಪಾಟಿನ ಬೀಗದಕೈ ನನ್ನ ಹತ್ರ ಉಂಟು."

ನಾನು ಫಾರ್ಮ್ ಓದುತ್ತಿರುವಾಗ ಅವರೇ ಹೇಳಿದರು, "ಅವರ ಮಾತ್ರೆ ಡಬ್ಬಿಗೆ ಹಾಕಿ ಕೊಡುದು ನಾನೇ. ನೀನು ಯಾಕೆ ಚುಚ್ಚಲಿಲ್ಲ ಅಂತ ನಂಗೆ ಗೊತ್ತು. ಆದ್ರೆ ನಿನ್ನ ಮೇಲೆ ಪ್ರೀತಿ ಬಂದು ಬರುದಲ್ಲ ನಾನು. ನಿನ್ನ ಮಾತು ನಂಗೆ ಆಗುದಿಲ್ಲ, ನಿನ್ನ ಮಗಳ ಬಟ್ಟೆಯೂ ಆಗುದಿಲ್ಲ. ಹೋಗುದು ಅಂತ ಹೇಳಿ ಆಸೆ ಹುಟ್ಟಿಸಿದ್ದು ಅವರು. ನಂಗೆ ಹೋಗ್ಬೇಕು, ಅಷ್ಟೆ."

ಡಾಕ್ಟರಿಗೆ ತೋರಿಸಿ, ಚುಚ್ಚಿ, ಕಾರ್ಡಿಗೆ ಸೀಲು ಹೊಡೆದು ಕೊಟ್ಟೆ. ಅವರು ಥ್ಯಾಂಕ್ಸ್ ಹೇಳಲಿಲ್ಲ.

ಹಾಗೆ ನಾವು ಮೂವರು ಹೋದೆವು. ಒಟ್ಟಿಗೆ ಹೋದವರು ಗೆಳತಿಯರಾಗಿ ಬಂದೆವು ಎಂದರೆ ಸುಳ್ಳಾಗುತ್ತದೆ. ನೈರೋಬಿಯಿಂದ ಅಂಬೋಸೆಲಿಗೆ ಸುಮಾರು ನಾಲ್ಕು ತಾಸು ದಾರಿ. ಡ್ರೈವರನ ಪಕ್ಕದ ಸೀಟಿನಲ್ಲಿ ಅಕ್ಕ ಹೋಗಿ ಕೂತರು, ನಮ್ಮನ್ನು ಕೇಳಲೂ ಇಲ್ಲ. ಧೂಳು ಎಂದು ಬೈದರು, ಚಹಾಕ್ಕೆ ಬೈದರು. ಕೋಣೆಯಲ್ಲಿ ಮಗಳ ಚಡ್ಡಿ ನೋಡಿ, "ಇದು ಕಾಡಿಗೆ ಹಾಕುವ ಬಟ್ಟೆಯಾ?" ಎಂದರು. "ಅವಳು ಕಾಡು ನೋಡ್ಲಿಕ್ಕೆ ಬಂದದ್ದು, ನಿಮ್ಮ ಸರ್ಟಿಫಿಕೇಟಿಗಲ್ಲ" ಎಂದೆ.

ಎರಡನೆಯ ದಿನ ಮಧ್ಯಾಹ್ನ ಜೌಗಿನಿಂದ ಎದ್ದು ಬಂದ ಒಂದು ಹಿಂಡು ನಮ್ಮ ರಸ್ತೆಯನ್ನು ಅಡ್ಡ ದಾಟತೊಡಗಿತು. ಡ್ರೈವರ್ ಇಂಜಿನ್ ಆರಿಸಿದ. ಜೀಪಿನ ಮೇಲ್ಮಾಡನ್ನು ಎತ್ತಿಟ್ಟಿದ್ದ, ನಾವು ಮೂವರೂ ಎದ್ದು ನಿಂತಿದ್ದೆವು. ಕೆಸರು ಎದೆಯವರೆಗೆ ಮೆತ್ತಿದ ಮುದಿ ಹೆಣ್ಣಾನೆಯೊಂದು ನಿಂತು ನಮ್ಮ ಕಡೆ ತಿರುಗಿತು. ಕಿವಿ ಅಗಲಿಸಿ ನಾಲ್ಕು ಹೆಜ್ಜೆ ಓಡಿಬಂತು. ಮಗಳು ನನ್ನ ಸೊಂಟ ಹಿಡಿದುಕೊಂಡಳು. ಡ್ರೈವರನ ಕೈ ಕೀಲಿಗೆ ಹೋಯಿತು.

"ನಿಲ್ಲು! ಇಂಜಿನ್ ಹಾಕ್ಬೇಡ!" ಎಂದು ಅಕ್ಕ ಕನ್ನಡದಲ್ಲೇ ಗದರಿದರು. ಅವನಿಗೆ ಹೇಗೆ ಅರ್ಥವಾಯಿತೋ, ಕೈ ತೆಗೆದ. ಆನೆ ಅಲ್ಲೇ ನಿಂತು ತಲೆ ಕೊಡವಿ, ಮೆಲ್ಲನೆ ತಿರುಗಿ ಹಿಂಡಿನ ಹಿಂದೆ ಹೋಯಿತು. ಅದರ ಚರ್ಮದ ಸುಕ್ಕುಗಳೊಳಗೆ ಕೆಸರು ಒಣಗಿ ಬಿರಿದದ್ದು ನನಗೆ ಕಾಣುತ್ತಿತ್ತು. ಅಕ್ಕ ಕಂಬಿ ಹಿಡಿದ ಕೈ ಬಿಡದೆ ಅದು ಮರೆಯಾಗುವವರೆಗೂ ನೋಡಿದರು. ಅವರ ಮುಖದಲ್ಲಿ ಅಷ್ಟು ಸುಖ ನಾನು ಮೊದಲು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇದು ನಾನು ಯೋಚಿಸಿ ಕಟ್ಟಿದ ಪ್ರವಾಸ, ಸುಖ ಅವರ ಪಾಲಿಗೆ ಹೆಚ್ಚು ಬಂತಲ್ಲ ಎಂದು.

ಪರ್ವತ ನಾಲ್ಕು ದಿನ ಮೋಡದಲ್ಲೇ ಇತ್ತು. ಕೊನೆಯ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಾಗ ಅಕ್ಕ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು.

"ಈಗ ಹೋಯ್ತು. ಪೂರ್ತಿ ಕಾಣ್ತಿತ್ತು, ತುದಿಯಿಂದ ಬುಡದವರೆಗೆ" ಎಂದರು.

"ನನ್ನನ್ನು ಎಬ್ಬಿಸ್ಲಿಕ್ಕೆ ಆಗ್ಲಿಲ್ವಾ?"

"ನೀನು ಮಲಗಿದ್ದಿ."

ಮಲಗಿದ್ದರಿಂದಲೇ ಎಬ್ಬಿಸಬೇಕಾದ್ದು. ಒಳಗೆ ಹೋಗಿ ಚೀಲ ಕಟ್ಟತೊಡಗಿದೆ. ವಿಮಾನದಲ್ಲಿ ಮಗಳನ್ನು ನಮ್ಮಿಬ್ಬರ ನಡುವೆ ಕೂರಿಸಿದೆ.

ನಿಲ್ದಾಣಕ್ಕೆ ಗಂಡ ಬಂದಿದ್ದರು. ಅಣ್ಣ ಬಂದಿರಲಿಲ್ಲ. ಕಾರಿನ ಡಿಕ್ಕಿಗೆ ಚೀಲ ಹಾಕುತ್ತಿರುವಾಗ ಅಕ್ಕ ಹವಾಮಾನ ಹೇಳುವ ಹಾಗೆ ಹೇಳಿದರು, "ನಮ್ಮವರಿಗೆ ಬಿ.ಪಿ. ಅಲ್ಲ ಮಾರಾಯ. ಸಂಧಿವಾತ. ಅದರ ಮಾತ್ರೆ ತಿನ್ನುವವರಿಗೆ ಆ ಇಂಜೆಕ್ಷನ್ ಆಗುದಿಲ್ಲ. ಅಡಗಿಸಿ ಅಡಗಿಸಿ ನಂಗೆ ಸಾಕಾಯ್ತು. ಯಾರಿಗೆ ಬೇಕಾದ್ರೂ ಹೇಳು."

ಅಕ್ಕನನ್ನು ಅವರ ಮನೆಯಲ್ಲಿ ಬಿಟ್ಟು ಬಂದೆವು. ನಮ್ಮ ಕಟ್ಟಡದ ಕೆಳಗೆ ಗಂಡ ಕಾರು ನಿಲ್ಲಿಸಿ, ಸ್ಟಿಯರಿಂಗ್ ಬಿಡದೆ ಹೇಳಿದರು, "ಒಂದು ಮಾತು ನಂಗೆ ಹೇಳ್ಬಹುದಿತ್ತಲ್ಲ ನೀನು."

"ಹೇಳ್ಲಿಕ್ಕೆ ಆಗುದಿಲ್ಲ ಅಂತ ಹೇಳಿದ್ದೆ. ಅಷ್ಟೇ ಸಾಕಾಗ್ಬೇಕಿತ್ತು ನಿಮಗೆ."

ಮಗಳು ಹಿಂದಿನ ಸೀಟಿನಿಂದ ಇಳಿದು ಬಾಗಿಲನ್ನು ಜೋರಾಗಿ ಹಾಕಿ ಮೇಲೆ ಹೋದಳು.

ಕಾಂಟ್ರಾಕ್ಟ್ ರಿನ್ಯೂ ಆಯಿತು. ಜೊತೆಗೇ ಎರಡು ತಾಸು ದೂರದ ಸಹಮ್ ಶಾಖೆಗೆ ವರ್ಗವೂ ಆಯಿತು. ಅಲ್ಲಿ ಕಂಪನಿಯ ಗೋದಾಮಿನ ಮೇಲಿನ ಕೋಣೆಯಲ್ಲಿ ಗಂಡ ಇರುತ್ತಾರೆ. ಗುರುವಾರ ಸಂಜೆ ಬಂದು ಶನಿವಾರ ಬೆಳಿಗ್ಗೆ ಹೋಗುತ್ತಾರೆ. ಅಣ್ಣ ಮಾಡಿಸಿದ್ದು ಎಂದು ನನಗೂ ಗೊತ್ತು, ಗಂಡನಿಗೂ ಗೊತ್ತು. ಶುಕ್ರವಾರದ ಊಟ ನಿಂತುಹೋಯಿತು, ಯಾರೂ ನಿಲ್ಲಿಸಲಿಲ್ಲ, ಕರೆಯುವುದು ನಿಂತಿತು, ಹೋಗುವುದು ನಿಂತಿತು. ಅಕ್ಕ ಆಗಾಗ ಹೊರಗೆ ಕಾಣಸಿಗುತ್ತಾರೆ, ಈಗ ಒಬ್ಬರೇ ಓಡಾಡುತ್ತಾರೆ. ನನ್ನನ್ನು ನೋಡಿದರೆ ಗದ್ದ ಸ್ವಲ್ಪ ಎತ್ತುತ್ತಾರೆ. ನಾನೂ ಅಷ್ಟೇ ಮಾಡುತ್ತೇನೆ.

ಪ್ರವಾಸದ ಬಗ್ಗೆ ಗಂಡ ಏನನ್ನೂ ಕೇಳಿರಲಿಲ್ಲ. ಮೊನ್ನೆ ಒಂದು ಶುಕ್ರವಾರ, ಅಂಗಿಗಳನ್ನು ಸಹಮ್‌ಗೆ ಒಯ್ಯುವ ಚೀಲಕ್ಕೆ ಮಡಚಿ ಹಾಕುತ್ತಾ, ತಲೆ ಎತ್ತದೆ ಕೇಳಿದರು, "ಆನೆ ಹತ್ರ ಬಂದಿತ್ತಾ?"

"ಬಂದಿತ್ತು" ಎಂದೆ.

ಅವರು ಮುಂದಿನ ಮಾತಿಗೆ ಕಾಯುತ್ತಿದ್ದರು. ಹೇಳಲು ನನಗೆ ಮನಸ್ಸು ಬರಲಿಲ್ಲ. ಇಸ್ತ್ರಿಯಾದ ಇನ್ನೊಂದು ಅಂಗಿಯನ್ನು ಅವರ ಕೈಗೆ ಕೊಟ್ಟೆ.